ಬಣ್ಣ ತುಂಬುವ ಮುನ್ನ: ಸುದ್ದಿಮನೆಯ ನಕ್ಷೆಕಾರರಿಗೆ ಬಹಿರಂಗ ಪತ್ರ

ಕನ್ನಡ ದಿನಪತ್ರಿಕೆ, ವಾರಪತ್ರಿಕೆ ಹಾಗೂ ಸುದ್ದಿವಾಹಿನಿಗಳ ವಿನ್ಯಾಸ ವಿಭಾಗದ ಮಿತ್ರರೇ,

ಚುನಾವಣೆಯಿರಲಿ, ಮಳೆಯಿರಲಿ, ಜನಗಣತಿಯಿರಲಿ, ಎಸ್ಸೆಸ್ಸೆಲ್ಸಿ ಫಲಿತಾಂಶವಿರಲಿ, ಕರ್ನಾಟಕದ ಗಡಿರೇಖೆ ಎಳೆದು ಜಿಲ್ಲೆ ಜಿಲ್ಲೆಗೂ ಬಣ್ಣ ತುಂಬಿ ಪುಟದ ಮೇಲ್ಭಾಗದಲ್ಲಿ ಕೂರಿಸುವುದು ಈಗ ನಮ್ಮ ಪತ್ರಿಕೆಗಳ ರೂಢಿ. ಊರು, ನದಿ, ರಸ್ತೆಗಳನ್ನು ತೋರಿಸುವ ಭೂಪಟದ ಕೆಲಸ ಒಂದು ಬಗೆಯದು. ಯಾವುದೋ ಒಂದು ವಿಷಯ ಎಲ್ಲೆಲ್ಲಿ ಎಷ್ಟೆಷ್ಟಿದೆ ಎಂದು ಹೇಳುವ ವಿಷಯಾಧಾರಿತ ನಕ್ಷೆಯ ಕೆಲಸ ಇನ್ನೊಂದು ಬಗೆಯದು. ಈ ಎರಡನೆಯದರಲ್ಲಿ ಹಲವು ಜಾತಿಗಳಿವೆ: ಆಡಳಿತ ಗಡಿಗಳೊಳಗೆ ಬಣ್ಣ ತುಂಬುವ ಕೊರೊಪ್ಲೆತ್, ಅಂಕಿಗೆ ತಕ್ಕ ಗಾತ್ರದ ವೃತ್ತಗಳನ್ನಿಡುವ ನಕ್ಷೆ, ಚುಕ್ಕಿ ನಕ್ಷೆ, ಸಮಾನ ಮೌಲ್ಯದ ಜಾಗಗಳನ್ನು ಕೂಡಿಸುವ ರೇಖಾ ನಕ್ಷೆ, ಅಂಕಿಗೆ ತಕ್ಕಂತೆ ಪ್ರದೇಶದ ಆಕಾರವನ್ನೇ ಹಿಗ್ಗಿಸಿ ಕುಗ್ಗಿಸುವ ಕಾರ್ಟೋಗ್ರಾಮ್. ಸುದ್ದಿಮನೆ ಇವುಗಳಲ್ಲಿ ಮೊದಲನೆಯದೊಂದನ್ನೇ ಎಲ್ಲದಕ್ಕೂ ಬಳಸುತ್ತದೆ. ನನ್ನ ತಕರಾರು ಇರುವುದು ಇಲ್ಲಿಯೇ. ನಕ್ಷೆಯ ಗುಣವನ್ನು ಅದರ ಅಂದದಿಂದಲೂ ಅಳೆಯಬಾರದು, ಹಿಂದಿರುವ ಅಂಕಿಗಳು ಸರಿಯಿವೆ ಎಂಬುದೊಂದರಿಂದಲೂ ಅಳೆಯಬಾರದು. ಪುಟ ತೆರೆದ ಕೂಡಲೇ ಓದುಗರ ಕಣ್ಣು ಏನನ್ನು ಗ್ರಹಿಸುತ್ತದೋ ಅದು ಅಂಕಿ ಹೇಳುವ ಮಾತಿಗೆ ಹೊಂದುತ್ತದೆಯೇ ಎಂಬುದೇ ಒರೆಗಲ್ಲು. ಈ ಒರೆಗೆ ಹಚ್ಚಿದರೆ ನಾವು ಅಚ್ಚು ಹಾಕುವ ಹಲವು ನಕ್ಷೆಗಳು, ಒಂದೇ ಒಂದು ಅಂಕಿ ತಪ್ಪಿಲ್ಲದಿದ್ದರೂ, ಓದುಗರನ್ನು ತಪ್ಪು ದಾರಿಗೆ ಹಚ್ಚುತ್ತವೆ.

ಚುನಾವಣಾ ನಕ್ಷೆಯಿಂದಲೇ ಶುರುಮಾಡೋಣ. ಬಣ್ಣ ತುಂಬಿದ ನಕ್ಷೆಯಲ್ಲಿ ಕಣ್ಣಿಗೆ ಮೊದಲು ಬೀಳುವುದು ವಿಸ್ತೀರ್ಣ. ಆದರೆ ವಿಧಾನಸಭೆಯಲ್ಲಿ ಕೈ ಎತ್ತುವವರು ಶಾಸಕರೇ ಹೊರತು ಚದರ ಕಿಲೋಮೀಟರುಗಳಲ್ಲ. ಬೆಂಗಳೂರು ನಗರ ಜಿಲ್ಲೆಯ ವಿಸ್ತೀರ್ಣ ಸುಮಾರು 2,196 ಚದರ ಕಿ.ಮೀ.; ರಾಜ್ಯದ 1,91,791 ಚದರ ಕಿ.ಮೀ.ಗಳಲ್ಲಿ ಅದು ಶೇ 1ಕ್ಕಿಂತ ತುಸು ಹೆಚ್ಚು, ಅಷ್ಟೇ. ಆದರೆ 224 ವಿಧಾನಸಭಾ ಕ್ಷೇತ್ರಗಳಲ್ಲಿ 28 ಅಲ್ಲಿವೆ, ಎಂದರೆ ಎಂಟನೇ ಒಂದು ಪಾಲು. ಅದಕ್ಕಿಂತ ನಾಲ್ಕೂವರೆ ಪಟ್ಟಿಗೂ ಹೆಚ್ಚು ದೊಡ್ಡದಾದ ಉತ್ತರ ಕನ್ನಡದಲ್ಲಿರುವುದು 6 ಕ್ಷೇತ್ರ. 2023ರ ಚುನಾವಣೆಯಲ್ಲಿ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19 ಸ್ಥಾನ ಗೆದ್ದವು. ಬಿಜೆಪಿಯ ಆ 66ರಲ್ಲಿ 16 ಸ್ಥಾನಗಳು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬಂದವು. ಆ ಪಕ್ಷದ ಒಟ್ಟು ಬಲದ ಹತ್ತಿರ ಹತ್ತಿರ ಕಾಲುಭಾಗ, ನಕ್ಷೆಯಲ್ಲಿ ಉಗುರಿನಗಲದ ಜಾಗಕ್ಕೆ ಇಳಿದುಹೋಯಿತು. ನಕ್ಷೆಯನ್ನಷ್ಟೇ ನೋಡಿದವರಿಗೆ ವಿರೋಧ ಪಕ್ಷ ಇರುವುದಕ್ಕಿಂತ ದುರ್ಬಲವಾಗಿಯೂ, ರಾಜಧಾನಿ ಲೆಕ್ಕಕ್ಕೇ ಇಲ್ಲದಂತೆಯೂ ಕಂಡಿತು. ನಾಳೆ ಫಲಿತಾಂಶ ತಿರುಗಿ ಬಿದ್ದರೆ ಇದೇ ನಕ್ಷೆ ಇನ್ನೊಂದು ಪಕ್ಷಕ್ಕೆ ಇದೇ ಅನ್ಯಾಯ ಮಾಡುತ್ತದೆ. ಲೋಕಸಭೆಯ ನಕ್ಷೆಯಲ್ಲಿ ಈ ಅಂತರ ಇನ್ನೂ ವಿಪರೀತಕ್ಕೆ ಹೋಗುತ್ತದೆ. ಲಡಾಖ್ ಕೇಂದ್ರಾಡಳಿತ ಪ್ರದೇಶದಲ್ಲಿ ನಮ್ಮ ಆಡಳಿತದಲ್ಲಿರುವ ಭಾಗವನ್ನಷ್ಟೇ ಹಿಡಿದರೂ ವಿಸ್ತೀರ್ಣ ಸುಮಾರು 59 ಸಾವಿರ ಚದರ ಕಿ.ಮೀ.; ಲಕ್ಷದ್ವೀಪದ್ದು 32 ಚದರ ಕಿ.ಮೀ. ಎರಡಕ್ಕೂ ಒಬ್ಬೊಬ್ಬರೇ ಸಂಸದರು. ಪತ್ರಿಕೆಯ ನಕ್ಷೆಯಲ್ಲಿ ಒಬ್ಬರು ದೇಶದ ನೆತ್ತಿಯನ್ನೆಲ್ಲ ಆವರಿಸಿ ನಿಲ್ಲುತ್ತಾರೆ, ಇನ್ನೊಬ್ಬರು ಸಮುದ್ರದ ನೀಲಿಯಲ್ಲಿ ಕಾಣೆಯಾಗುತ್ತಾರೆ.

ವಿಸ್ತೀರ್ಣದ ದೋಷವನ್ನು ಬದಿಗಿಟ್ಟರೂ ಗೆದ್ದ ಪಕ್ಷದ ಬಣ್ಣ ಬಳಿಯುವ ಕ್ರಮ ಇನ್ನೊಂದು ಮಾಹಿತಿಯನ್ನು ನುಂಗುತ್ತದೆ. 2023ರಲ್ಲಿ ಜಯನಗರದ ಗೆಲುವು 16 ಮತಗಳದ್ದು; ಕನಕಪುರದ ಗೆಲುವು 1,22,392 ಮತಗಳದ್ದು. ಎರಡು ಬೇರೆ ಪಕ್ಷಗಳ ಗೆಲುವಾದ್ದರಿಂದ ಬಣ್ಣ ಬೇರೆ ಬೇರೆ, ಆದರೆ ಬಣ್ಣದ ಗಾಢತೆ ಒಂದೇ. ರಾಜ್ಯದಲ್ಲಿ ಸುಮಾರು ಶೇ 43 ಮತ ಪಡೆದ ಪಕ್ಷಕ್ಕೆ ಶೇ 60ರಷ್ಟು ಸ್ಥಾನ ಸಿಕ್ಕಿದ್ದನ್ನಾಗಲಿ, ಸೋತ ಪಕ್ಷಕ್ಕೆ ಪ್ರತಿ ಕ್ಷೇತ್ರದಲ್ಲೂ ಸಾವಿರಾರು ಬೆಂಬಲಿಗರಿರುವುದನ್ನಾಗಲಿ ಈ ನಕ್ಷೆ ತೋರಿಸದು. ಒಂದಿಡೀ ಸೀಮೆ ಒಂದು ಪಕ್ಷದ ಭದ್ರಕೋಟೆ ಎಂಬ ಮಾತು ಟಿ.ವಿ. ಚರ್ಚೆಗಳಲ್ಲಿ ಇಷ್ಟು ಸಲೀಸಾಗಿ ಹೊರಡುವುದಕ್ಕೆ ಒಂದೇ ಬಣ್ಣ ಹೊದ್ದ ಈ ನಕ್ಷೆಗಳ ಕೊಡುಗೆಯೂ ಇದೆ. ಪರಿಹಾರ ಕಷ್ಟದ್ದಲ್ಲ. ಗೆಲುವಿನ ಅಂತರ ಕಡಿಮೆಯಿದ್ದ ಕಡೆ ಪಕ್ಷದ ಬಣ್ಣ ತೆಳುವಾಗಲಿ, ಹೆಚ್ಚಿದ್ದ ಕಡೆ ಗಾಢವಾಗಲಿ. ಅದರ ಪಕ್ಕದಲ್ಲೇ 224 ಕ್ಷೇತ್ರಗಳಿಗೂ ಸಮಾನ ಗಾತ್ರದ ಒಂದೊಂದು ಷಟ್ಕೋನ ಕೊಟ್ಟು ಜೋಡಿಸಿದ ಕಾರ್ಟೋಗ್ರಾಮ್ ಇರಲಿ. ಬ್ರಿಟನ್ನಿನಲ್ಲಿ ಬಿಬಿಸಿ ಸೇರಿದಂತೆ ಹಲವು ಸುದ್ದಿ ಸಂಸ್ಥೆಗಳು 650 ಕ್ಷೇತ್ರಗಳನ್ನು 650 ಷಟ್ಕೋನಗಳಾಗಿ ತೋರಿಸುತ್ತಿವೆ. ಅಲ್ಲಿನ ಓದುಗರು ಅದಕ್ಕೆ ಒಗ್ಗಿಕೊಂಡಿದ್ದಾರೆ.

ಎರಡನೆಯ ಗೊಂದಲ ಪ್ರಮಾಣ ಮತ್ತು ಸಂಖ್ಯೆಗಳ ನಡುವಿನದು. ಬಣ್ಣದ ಛಾಯೆ ಹೇಳಬಲ್ಲದ್ದು ಪ್ರಮಾಣವನ್ನು: ಶೇಕಡಾವಾರು, ಲಕ್ಷಕ್ಕೆ ಎಷ್ಟು, ಚದರ ಕಿ.ಮೀ.ಗೆ ಎಷ್ಟು ಎಂಬುದನ್ನು. ಒಟ್ಟು ಸಂಖ್ಯೆಯನ್ನು ಛಾಯೆಯಲ್ಲಿ ತೋರಿಸಿದರೆ ಜನ ಹೆಚ್ಚಿರುವ ಜಿಲ್ಲೆ ಎಲ್ಲ ವಿಷಯದಲ್ಲೂ ಕಪ್ಪಗಾಗುತ್ತದೆ. ಅಪರಾಧ, ವಾಹನ, ಕಾಯಿಲೆ ಯಾವುದರ ನಕ್ಷೆ ಬರೆದರೂ ಅದೇ ಬೆಂಗಳೂರು, ಅದೇ ಬೆಳಗಾವಿ. ಕೊನೆಗೆ ಅವೆಲ್ಲವೂ ಜನಸಂಖ್ಯೆಯ ನಕ್ಷೆಗಳೇ. ಹಾಗೆಂದು ಪ್ರಮಾಣವೇ ಸದಾ ಸರಿ ಎನ್ನುವಂತೆಯೂ ಇಲ್ಲ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ಬೆಂಗಳೂರು ನಗರದ್ದು ಶೇ 87.67. ಛಾಯೆಯ ನಕ್ಷೆಯಲ್ಲಿ ಯಾದಗಿರಿ ತೀರಾ ಹಿಂದೆ, ಬೆಂಗಳೂರು ತೀರಾ ಮುಂದೆ. ಆದರೆ ಏಳು ವರ್ಷ ಮೇಲ್ಪಟ್ಟ ಅನಕ್ಷರಸ್ಥರ ತಲೆ ಎಣಿಸಿದರೆ ಯಾದಗಿರಿಯಲ್ಲಿ ಐದು ಲಕ್ಷದೊಳಗೆ, 96 ಲಕ್ಷ ಜನರಿದ್ದ ಬೆಂಗಳೂರಿನಲ್ಲಿ ಹತ್ತು ಲಕ್ಷದ ಆಸುಪಾಸು. ಎರಡೂ ನಿಜ, ಪ್ರಶ್ನೆಗಳು ಬೇರೆ ಬೇರೆ. ಯಾವ ಸೀಮೆ ಹಿಂದುಳಿದಿದೆ ಎಂಬ ವರದಿಗೆ ಛಾಯೆಯ ನಕ್ಷೆ ಬೇಕು. ವಯಸ್ಕರ ಶಿಕ್ಷಣ ಕೇಂದ್ರಗಳನ್ನು ಎಲ್ಲಿ ಎಷ್ಟು ತೆರೆಯಬೇಕು ಎಂಬ ವರದಿಗೆ ವೃತ್ತಗಳ ನಕ್ಷೆ ಬೇಕು. ವರದಿಗಾರರು ಯಾವ ಪ್ರಶ್ನೆ ಎತ್ತಿದ್ದಾರೆ ಎಂದು ಕೇಳದೆ ನಕ್ಷೆಗೆ ಕೈ ಹಾಕಿದರೆ ಬರಹ ಒಂದು ಹೇಳುತ್ತದೆ, ಚಿತ್ರ ಇನ್ನೊಂದು ಹೇಳುತ್ತದೆ.

ಸರಿಯಾದ ಜಾತಿಯ ನಕ್ಷೆಯನ್ನೇ ಆರಿಸಿಕೊಂಡರೂ ಅಂಕಿಗಳನ್ನು ಯಾವ ಗುಂಪುಗಳಾಗಿ ಒಡೆಯುತ್ತೀರಿ ಎಂಬುದರ ಮೇಲೆ ಚಿತ್ರ ಪೂರ್ತಿ ಬದಲಾಗುತ್ತದೆ. 2011ರಲ್ಲಿ ಬೆಂಗಳೂರು ನಗರದ ಜನಸಾಂದ್ರತೆ ಚದರ ಕಿ.ಮೀ.ಗೆ 4,381, ಉಳಿದ ಯಾವ ಜಿಲ್ಲೆಯೂ 500 ಮುಟ್ಟುವುದಿಲ್ಲ, ಕೊಡಗು 135ರೊಂದಿಗೆ ಎಲ್ಲಕ್ಕಿಂತ ಕೆಳಗೆ. ಈ ಅಂತರವನ್ನು ಸಮನಾದ ಐದು ಮೆಟ್ಟಿಲುಗಳಾಗಿ ಕತ್ತರಿಸಿದರೆ ಆಗ ಇದ್ದ 30 ಜಿಲ್ಲೆಗಳಲ್ಲಿ 29 ಮೊದಲನೆಯ ಮೆಟ್ಟಿಲಲ್ಲೇ ಕೂರುತ್ತವೆ. ಮೂರು ಮೆಟ್ಟಿಲುಗಳು ಖಾಲಿ, ಕೊನೆಯದರಲ್ಲಿ ಬೆಂಗಳೂರು ಒಂದೇ. ಕೊಡಗೂ ಮೈಸೂರೂ ಸರಿಸಮ ಎಂದು ನಕ್ಷೆ ಸಾರುತ್ತದೆ. ಹಾಗಲ್ಲದೆ ಪ್ರತಿ ಗುಂಪಿಗೂ ಆರಾರು ಜಿಲ್ಲೆಗಳಂತೆ ಹಂಚಿದರೆ 400ಕ್ಕೂ ಕಡಿಮೆ ಸಾಂದ್ರತೆಯ ಕೋಲಾರವೂ ಬೆಂಗಳೂರಿನ ಜೊತೆ ಅತ್ಯಂತ ಗಾಢ ಬಣ್ಣ ಪಡೆಯುತ್ತದೆ. ಅಂಕಿಗಳಲ್ಲಿ ಸಹಜವಾಗಿಯೇ ಬಿರುಕು ಎಲ್ಲಿದೆಯೋ ಅಲ್ಲಿ ಒಡೆಯುವ ಕ್ರಮವನ್ನು ಅಮೆರಿಕದ ನಕ್ಷಾಶಾಸ್ತ್ರಜ್ಞ ಜಾರ್ಜ್ ಜೆಂಕ್ಸ್ ರೂಪಿಸಿದರು. ಈ ಉದಾಹರಣೆಗೆ ಅದೇ ವಾಸಿ. ಆದರೆ ಹಲವು ವರ್ಷಗಳ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವಾಗ ಅದು ಕೆಲಸಕ್ಕೆ ಬಾರದು, ಏಕೆಂದರೆ ಬಿರುಕುಗಳು ವರ್ಷ ವರ್ಷ ಜಾಗ ಬದಲಿಸುತ್ತವೆ. ಎಲ್ಲ ಕಾಲಕ್ಕೂ ಸಲ್ಲುವ ಸೂತ್ರ ಇಲ್ಲಿಲ್ಲ. ಸಾಫ್ಟ್‌ವೇರ್ ತಾನಾಗಿ ಕೊಟ್ಟ ಗುಂಪುಗಳನ್ನು ಕಣ್ಣುಮುಚ್ಚಿ ಒಪ್ಪಬಾರದು, ಗುಂಪುಗಳ ಮಿತಿಯನ್ನು ಸೂಚಿಯಲ್ಲಿ ಸ್ಪಷ್ಟ ಅಂಕಿಗಳಲ್ಲೇ ಹೇಳಬೇಕು. ‘ಕಡಿಮೆ, ಮಧ್ಯಮ, ಹೆಚ್ಚು’ ಎಂದಷ್ಟೇ ಬರೆದು ಬಿಟ್ಟರೆ ಓದುಗರಿಗೆ ಪರೀಕ್ಷಿಸಿ ನೋಡುವ ದಾರಿಯೇ ಇರುವುದಿಲ್ಲ.

ಮಳೆಯ ನಕ್ಷೆಯಲ್ಲಿ ಗಡಿಯ ಸಮಸ್ಯೆ, ಗುಂಪಿನ ಸಮಸ್ಯೆ, ಬಣ್ಣದ ಸಮಸ್ಯೆ ಮೂರೂ ಒಟ್ಟಿಗೆ ಬರುತ್ತವೆ. ಭಾರತೀಯ ಹವಾಮಾನ ಇಲಾಖೆ ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರಾಗಿ ವಿಂಗಡಿಸಿದೆ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು ಎಲ್ಲವೂ ದಕ್ಷಿಣ ಒಳನಾಡಿಗೇ ಸೇರುತ್ತವೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯೂ, ಬರಕ್ಕೆ ಹೆಸರಾದ ಚಿತ್ರದುರ್ಗದ ಚಳ್ಳಕೆರೆಯೂ ಆ ನಕ್ಷೆಯಲ್ಲಿ ಒಂದೇ ಬಣ್ಣ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಮಲೆನಾಡನ್ನು ನಾಲ್ಕನೆಯ ವಿಭಾಗವಾಗಿ ಬೇರೆ ಮಾಡಿರುವುದು ಈ ಕಾರಣಕ್ಕೇ ಮುಖ್ಯವಾಗುತ್ತದೆ. ಜಿಲ್ಲಾವಾರು ನಕ್ಷೆಗೆ ಇಳಿದರೂ ಸಂಕಟ ತೀರದು: ಶಿವಮೊಗ್ಗ ಜಿಲ್ಲೆಯ ಪೂರ್ವದ ತಾಲ್ಲೂಕುಗಳಲ್ಲಿ ಆಗುಂಬೆಯ ಮಳೆಯ ಕಾಲುಭಾಗವೂ ಬೀಳುವುದಿಲ್ಲ. ಮಳೆಗೆ ತಾಲ್ಲೂಕು ಕಚೇರಿಯ ಗಡಿ ಗೊತ್ತಿಲ್ಲ. ಘಟ್ಟದಿಂದ ಬಯಲಿಗೆ ಅದು ಇಳಿಜಾರಾಗಿ ಕಡಿಮೆಯಾಗುತ್ತ ಹೋಗುತ್ತದೆ, ಅದನ್ನು ತೋರಿಸಲು ಸಮಮಳೆ ರೇಖೆಗಳ ನಕ್ಷೆಯೇ ತಕ್ಕದ್ದು. ಇನ್ನು ವಾಡಿಕೆಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಹೇಳುವ ನಕ್ಷೆಯನ್ನು ನೋಡಿ. ಇಲಾಖೆಯ ಲೆಕ್ಕದಲ್ಲಿ ಶೇ 19 ಕೊರತೆಯಿಂದ ಶೇ 19 ಹೆಚ್ಚಳದವರೆಗೆ ಎಲ್ಲವೂ ‘ವಾಡಿಕೆ’, ಹಸಿರು. ಶೇ 20 ಕೊರತೆ ಮುಟ್ಟಿದ ಕೂಡಲೇ ಕೆಂಪು. ಕೊರತೆ ಶೇ 60 ಆದರೆ ಹಳದಿ. ಕೊರತೆ ತೀವ್ರವಾದಂತೆ ಬಣ್ಣ ಗಾಢವಾಗುವ ಬದಲು ತಿಳಿಯಾಗುತ್ತದೆ. ಸೂಚಿ ನೋಡದವರು ಹಳದಿಯ ಜಿಲ್ಲೆಗಿಂತ ಕೆಂಪಿನ ಜಿಲ್ಲೆಯೇ ಹೆಚ್ಚು ಸಂಕಟದಲ್ಲಿದೆ ಎಂದು ತಿಳಿಯುವುದು ಸಹಜ. ಇಲಾಖೆಯೊಳಗಿನವರಿಗೆ ಈ ಬಣ್ಣಗಳು ರೂಢಿಯಾಗಿರಬಹುದು, ರೈತರಿಗೆ ಆಗಿಲ್ಲ. ಇಲಾಖೆಯ ಅಂಕಿಗಳನ್ನು ಹಾಗೆಯೇ ಉಳಿಸಿಕೊಂಡು ಬಣ್ಣಗಳನ್ನು ಮಾತ್ರ ಕ್ರಮವಾಗಿ ಹಾಕಲು ನಿಮಗೆ ಯಾರ ಅಡ್ಡಿಯೂ ಇಲ್ಲ: ಕೊರತೆಯ ಬದಿಗೆ ತಿಳಿಗಂದಿನಿಂದ ಕಡುಗಂದಿಗೆ, ಹೆಚ್ಚಳದ ಬದಿಗೆ ತಿಳಿನೀಲಿಯಿಂದ ಕಡುನೀಲಿಗೆ, ವಾಡಿಕೆಗೆ ನಡುವೆ ತಟಸ್ಥ ಬಣ್ಣ. ಕೆಂಪು–ಹಸಿರುಗಳ ಭೇದ ಕಾಣದ ಕಣ್ಣಿನವರಿಗೂ ಈ ಜೋಡಿ ತಿಳಿಯುತ್ತದೆ. ವಾಡಿಕೆ ಮಳೆಯೇ ಕೆಲವು ಮಿಲಿಮೀಟರ್ ಇರುವ ಜನವರಿಯಂಥ ತಿಂಗಳಲ್ಲಿ ಶೇಕಡಾ ಕೊರತೆಯ ನಕ್ಷೆ ಅಚ್ಚಾಗದಿದ್ದರೆ ಯಾರಿಗೂ ನಷ್ಟವಿಲ್ಲ.

ಇಷ್ಟು ಹೇಳಿದ ಮೇಲೆ ವೃತ್ತಗಳೋ ಚುಕ್ಕಿಗಳೋ ದೋಷವಿಲ್ಲದವು ಎಂಬ ಭಾವನೆ ಹುಟ್ಟಬಾರದು. ನಾಲ್ಕು ಪಟ್ಟು ದೊಡ್ಡ ಅಂಕಿಗೆ ನಾಲ್ಕು ಪಟ್ಟು ತ್ರಿಜ್ಯದ ವೃತ್ತ ಎಳೆಯುವುದು ಅವಸರದಲ್ಲಿ ನುಸುಳುವ ತಪ್ಪು. ಆಗ ವೃತ್ತದ ವಿಸ್ತೀರ್ಣ ಹದಿನಾರು ಪಟ್ಟಾಗುತ್ತದೆ. ಎಳೆಯಬೇಕಾದದ್ದು ಎರಡು ಪಟ್ಟು ತ್ರಿಜ್ಯ. ಲೆಕ್ಕ ಸರಿಯಿಟ್ಟರೂ ನಮ್ಮ ಕಣ್ಣು ದೊಡ್ಡ ವೃತ್ತವನ್ನು ಇರುವುದಕ್ಕಿಂತ ಚಿಕ್ಕದೆಂದೇ ಅಂದಾಜಿಸುತ್ತದೆ ಎಂಬುದನ್ನು ಜೇಮ್ಸ್ ಫ್ಲ್ಯಾನರಿಯ ಪ್ರಯೋಗಗಳು ತೋರಿಸಿವೆ. ಆದ್ದರಿಂದ ಸೂಚಿಯಲ್ಲಿ ಎರಡು ಮೂರು ಮಾದರಿ ವೃತ್ತಗಳನ್ನು ಅಂಕಿಸಮೇತ ಕೊಡಲೇಬೇಕು. ಚುಕ್ಕಿ ನಕ್ಷೆಯ ಹಿರಿಮೆಗೆ 1854ರ ಲಂಡನ್ ಕಾಲರಾ ಸಾಕ್ಷಿ. ಜಾನ್ ಸ್ನೋ ಎಂಬ ವೈದ್ಯ ಒಂದೊಂದು ಸಾವನ್ನೂ ಅದು ಸಂಭವಿಸಿದ ಮನೆಯ ಜಾಗದಲ್ಲೇ ಗುರುತಿಸಿದ್ದರಿಂದ ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಸಾವುಗಳು ಮುತ್ತಿಕೊಂಡಿರುವುದು ಕಂಡಿತು. ವಾರ್ಡುವಾರು ಬಣ್ಣ ಬಳಿದಿದ್ದರೆ ಆ ಪಂಪು ಬಣ್ಣದಡಿ ಮುಚ್ಚಿಹೋಗುತ್ತಿತ್ತು. ಆದರೆ ಆ ಚುಕ್ಕಿಗಳ ಬಲ ಇದ್ದದ್ದು ಅವು ನಿಜವಾದ ಜಾಗದಲ್ಲಿದ್ದವು ಎಂಬುದರಲ್ಲಿ. ಇವತ್ತಿನ ಸಾಫ್ಟ್‌ವೇರ್ ಜಿಲ್ಲೆಯ ಒಟ್ಟು ಅಂಕಿಯನ್ನು ಜಿಲ್ಲೆಯೊಳಗೆ ಮನಬಂದಂತೆ ಚುಕ್ಕಿಗಳಾಗಿ ಚೆಲ್ಲುತ್ತದೆ. ಉತ್ತರ ಕನ್ನಡದ ದಟ್ಟ ಕಾಡಿನ ನಡುವೆಯೂ ಜನವಸತಿ ಇರುವಂತೆ ಕಾಣುತ್ತದೆ. ಕಾಡು, ಜಲಾಶಯಗಳನ್ನು ಮೊದಲೇ ಹೊರಗಿಟ್ಟು ಚುಕ್ಕಿ ಹಾಕಲು ಸಾಧ್ಯವಿಲ್ಲವೆಂದರೆ ಚುಕ್ಕಿ ನಕ್ಷೆಗೆ ಹೋಗಬಾರದು.

ಓದುವಿಕೆಯ ಇನ್ನೊಂದು ಮಗ್ಗುಲು ಕನ್ನಡ ಲಿಪಿಗೇ ಸೇರಿದ್ದು. ಇಂಗ್ಲಿಷ್ ನಕ್ಷೆಗಳಲ್ಲಿ ರಾಜ್ಯದ ಹೆಸರು ದೊಡ್ಡಕ್ಷರದಲ್ಲಿ, ಊರಿನ ಹೆಸರು ಸಣ್ಣಕ್ಷರದಲ್ಲಿ ಬಂದು ದರ್ಜೆ ತಾನಾಗಿ ತಿಳಿಯುತ್ತದೆ. ನಮಗೆ ಆ ಅನುಕೂಲವಿಲ್ಲ. ಅಕ್ಷರದ ದಪ್ಪ, ಗಾತ್ರ, ಬಣ್ಣಗಳಿಂದಲೇ ದರ್ಜೆ ಹೇಳಬೇಕು. ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುವುದರಿಂದ ಚಿಕ್ಕಬಳ್ಳಾಪುರ, ಉತ್ತರ ಕನ್ನಡದಂಥ ಹೆಸರುಗಳಿಗೆ ಮೇಲೂ ಕೆಳಗೂ ಜಾಗ ಬೇಕು. ಇಂಗ್ಲಿಷಿಗೆಂದು ಮಾಡಿದ ನಕ್ಷೆಯ ಅಚ್ಚಿನಲ್ಲಿ ಕನ್ನಡದ ಹೆಸರನ್ನು ತುರುಕಿದಾಗ ಒತ್ತುಗಳು ಕಲಸಿ ಮಸಿಯ ಚುಕ್ಕೆಯಾಗುತ್ತವೆ. ನ್ಯೂಸ್‌ಪ್ರಿಂಟ್ ಕಾಗದ ಮಸಿಯನ್ನು ಹೀರಿ ಹರಡುವುದರಿಂದ ಏಳೆಂಟು ಛಾಯೆಗಳು ಅಚ್ಚಿನಲ್ಲಿ ಮೂರು ನಾಲ್ಕಾಗಿಯೇ ಕಾಣುತ್ತವೆ. ಐದಕ್ಕಿಂತ ಹೆಚ್ಚು ಛಾಯೆ ಬೇಡ. ನಕ್ಷೆಯ ತಳಹದಿಯೂ ಅಂಕಿಯ ಕಾಲಕ್ಕೆ ಹೊಂದಬೇಕು. 2011ರ ಜನಗಣತಿಯ ಅಂಕಿ 30 ಜಿಲ್ಲೆಗಳದ್ದು; 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರವನ್ನು ಸೇರಿಸಿದ 31 ಜಿಲ್ಲೆಗಳ ನಕ್ಷೆಗೆ ಅದನ್ನು ತುಂಬಿದರೆ ಒಂದೋ ಖಾಲಿ ಜಾಗ ಉಳಿಯುತ್ತದೆ, ಇಲ್ಲವೇ ಇಲ್ಲದ ಅಂಕಿಯನ್ನು ನಾವೇ ಹುಟ್ಟಿಸಿದಂತಾಗುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಶಿರಸಿ, ಚಿಕ್ಕೋಡಿ, ಮಧುಗಿರಿಗಳು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಗಳು. ಕಂದಾಯ ಜಿಲ್ಲೆಗಳ ನಕ್ಷೆಯಲ್ಲಿ ಅವಕ್ಕೆ ಜಾಗವೇ ಇಲ್ಲ.

ನಿಮ್ಮ ಕಡೆಯಿಂದ ಬರಬಹುದಾದ ಆಕ್ಷೇಪಗಳು ಹಗುರವಾದವೇನಲ್ಲ. ಮೊದಲನೆಯದು: ಓದುಗರಿಗೆ ಕರ್ನಾಟಕದ ಆಕಾರ ಗೊತ್ತು, ಷಟ್ಕೋನಗಳ ಗುಡ್ಡೆಯಲ್ಲಿ ತಮ್ಮ ಊರು ಎಲ್ಲಿದೆ ಎಂದು ಅವರಿಗೆ ತಿಳಿಯದು. ಇದು ನಿಜ. ಅದಕ್ಕೇ ಪರಿಚಿತ ನಕ್ಷೆಯನ್ನು ಕಿತ್ತುಹಾಕಿ ಎನ್ನುತ್ತಿಲ್ಲ, ಜೊತೆಗೆ ಇನ್ನೊಂದನ್ನು ಇಡಿ ಎನ್ನುತ್ತಿದ್ದೇನೆ. ಊರು ಹುಡುಕಲು ಒಂದು, ಬಲಾಬಲ ತಿಳಿಯಲು ಇನ್ನೊಂದು. ಎರಡನೆಯದು: ಎಣಿಕೆಯ ದಿನ ಡೆಡ್‌ಲೈನ್ ತಲೆಯ ಮೇಲಿರುವಾಗ ಇದಕ್ಕೆಲ್ಲ ಸಮಯವೆಲ್ಲಿ? 2008ರಿಂದ 2023ರವರೆಗೆ ನಾಲ್ಕು ವಿಧಾನಸಭಾ ಚುನಾವಣೆಗಳು ಅವೇ ಕ್ಷೇತ್ರ ಗಡಿಗಳಲ್ಲಿ ನಡೆದವು. ಒಮ್ಮೆ ಮಾಡಿಟ್ಟ ಮಾದರಿ ಹದಿನೈದು ವರ್ಷ ಬಾಳುತ್ತಿತ್ತು. ಮುಂದಿನ ಕ್ಷೇತ್ರ ಪುನರ್ವಿಂಗಡಣೆ ಆದಾಗ ಹೊಸ ತಳಹದಿಯನ್ನು ಹೇಗೂ ಮಾಡಲೇಬೇಕು. ಆಗ ಎರಡನ್ನೂ ಮಾಡಿಟ್ಟುಕೊಂಡರಾಯಿತು. ಮೂರನೆಯದು: ಅಂಕಿಗಳನ್ನು ಪಕ್ಕದ ಕೋಷ್ಟಕದಲ್ಲಿ ಕೊಟ್ಟೇ ಇರುತ್ತೇವಲ್ಲ? ಕೊಟ್ಟಿರುತ್ತೀರಿ, ಆದರೆ ಕೋಷ್ಟಕ ಓದುವ ಮೊದಲೇ ಚಿತ್ರ ತೀರ್ಪು ಕೊಟ್ಟಾಗಿರುತ್ತದೆ. ವಾಟ್ಸ್‌ಆ್ಯಪಿನಲ್ಲಿ ಹರಿದಾಡುವುದೂ ನಕ್ಷೆ ಮಾತ್ರ, ಕೋಷ್ಟಕ ಹಿಂದೆಯೇ ಉಳಿಯುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ಯಾವ ನಕ್ಷೆ ತಾನೇ ತಿರುಚದು? ಕಾರ್ಟೋಗ್ರಾಮ್ ನಾಡಿನ ಆಕಾರವನ್ನೇ ಕೆಡಿಸುತ್ತದೆ, ವೃತ್ತ ಗಡಿಗಳನ್ನು ಮುಚ್ಚುತ್ತದೆ. ನೀವು ಹೇಳುತ್ತಿರುವುದು ಒಂದು ಸುಳ್ಳಿನ ಜಾಗದಲ್ಲಿ ಇನ್ನೊಂದು ಸುಳ್ಳನ್ನು ಕೂರಿಸಿ ಎಂದಲ್ಲವೇ? ನಕ್ಷೆಗಳ ಸುಳ್ಳುಗಳ ಬಗ್ಗೆ 1991ರಲ್ಲಿ ಒಂದಿಡೀ ಪುಸ್ತಕವನ್ನೇ ಬರೆದ ಮಾರ್ಕ್ ಮೊನ್‌ಮೋನಿಯರ್ ಕೂಡ ಏನನ್ನಾದರೂ ಬಿಡದೆ ನಕ್ಷೆ ಬರೆಯಲಾಗದು ಎಂದು ಒಪ್ಪುತ್ತಾರೆ. ಆದರೆ ಎಲ್ಲ ತಿರುಚುವಿಕೆಯೂ ಒಂದೇ ತೂಕದ್ದಲ್ಲ. ನಕ್ಷೆ ಏನನ್ನು ಹೇಳಲು ಹೊರಟಿದೆಯೋ ಅದನ್ನೇ ತಿರುಚಿದರೆ ಅದು ದೋಷ. ಹೇಳಲು ಹೊರಡದ ಸಂಗತಿಯನ್ನು, ಅದೂ ಎಲ್ಲರಿಗೂ ಕಾಣುವಂತೆ ಬದಲಿಸಿದರೆ ಅದು ವಿನ್ಯಾಸದ ಆಯ್ಕೆ. ಷಟ್ಕೋನಗಳನ್ನು ನೋಡಿ ಬೀದರ್ ನಿಜಕ್ಕೂ ಹಾಗಿದೆ ಎಂದು ಯಾರೂ ನಂಬುವುದಿಲ್ಲ. ಬಣ್ಣ ತುಂಬಿದ ನಕ್ಷೆ ನೋಡಿ ಇಷ್ಟೊಂದು ಜನ ಆ ಪಕ್ಷದ ಕಡೆಗಿದ್ದಾರೆ ಎಂದು ನಂಬುವವರು ಬೇಕಾದಷ್ಟಿದ್ದಾರೆ. ಕಣ್ಣಿಗೆ ಕಾಣುವ ತಿರುಚು ನಿರಪಾಯಕಾರಿ, ಕಾಣದ ತಿರುಚು ಅಪಾಯಕಾರಿ.

ಕೊನೆಯದಾಗಿ, ಹಲವು ಸಲ ನಕ್ಷೆಯೇ ಬೇಕಿಲ್ಲ. 1984ರಲ್ಲಿ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಗಿಲ್ ನಡೆಸಿದ ಅಧ್ಯಯನದ ಪ್ರಕಾರ ಒಂದೇ ಅಳತೆಗೋಲಿನ ಮೇಲಿನ ಸ್ಥಾನವನ್ನು ನಮ್ಮ ಕಣ್ಣು ಅತ್ಯಂತ ನಿಖರವಾಗಿ ಓದುತ್ತದೆ. ವಿಸ್ತೀರ್ಣವನ್ನೂ ಛಾಯೆಯನ್ನೂ ಓದುವಾಗ ಹೆಚ್ಚು ಎಡವುತ್ತದೆ. ಯಾವ ಜಿಲ್ಲೆ ಮೊದಲು, ಯಾವುದು ಕೊನೆ ಎಂಬುದಷ್ಟೇ ಸುದ್ದಿಯಾದರೆ ಮೇಲಿನಿಂದ ಕೆಳಕ್ಕೆ ಇಳಿಯುವ ಪಟ್ಟಿಗಳ ಸಾಲು ಯಾವ ನಕ್ಷೆಗಿಂತಲೂ ಚೆನ್ನಾಗಿ ಹೇಳುತ್ತದೆ. ನಕ್ಷೆ ಬೇಕಾಗುವುದು ನೆರೆಹೊರೆ ಮುಖ್ಯವಾದಾಗ: ಘಟ್ಟದ ಮಗ್ಗುಲಲ್ಲಿ ಮಳೆ ಇಳಿಯುವಾಗ, ಒಂದು ಕೆರೆಯ ಸುತ್ತ ಕಾಯಿಲೆ ಹಬ್ಬುವಾಗ, ಗಡಿ ತಾಲ್ಲೂಕುಗಳಲ್ಲಿ ಶಾಲೆಗಳು ಮುಚ್ಚುವಾಗ.

ಆದ್ದರಿಂದ ನಿಮ್ಮಲ್ಲಿ ಕೋರುವುದಿಷ್ಟು. ಮುಂದಿನ ಚುನಾವಣೆಯಲ್ಲಿ ಬಣ್ಣದ ನಕ್ಷೆಯ ಪಕ್ಕ ಸಮಗಾತ್ರದ ಕ್ಷೇತ್ರಗಳ ನಕ್ಷೆಗೂ ಜಾಗ ಕೊಡಿ. ಒಟ್ಟು ಸಂಖ್ಯೆಗಳನ್ನು ವೃತ್ತಗಳಲ್ಲಿ, ಪ್ರಮಾಣಗಳನ್ನು ಛಾಯೆಯಲ್ಲಿ ತೋರಿಸಿ. ಸೂಚಿಯಲ್ಲಿ ಅಂಕಿಗಳ ಮಿತಿ, ವರ್ಷ, ಮೂಲ ಮೂರನ್ನೂ ಬರೆಯಿರಿ. ಅಚ್ಚಿಗೆ ಕಳಿಸುವ ಮುನ್ನ ವರದಿ ಓದಿರದ ಸಹೋದ್ಯೋಗಿಯೊಬ್ಬರಿಗೆ ನಕ್ಷೆಯನ್ನಷ್ಟೇ ತೋರಿಸಿ, ಇದರಿಂದ ಏನು ತಿಳಿಯಿತು ಎಂದು ಕೇಳಿ. ಅವರ ಉತ್ತರವೂ ವರದಿಯ ಮೊದಲ ಸಾಲೂ ಒಂದೇ ಆಗಿದ್ದರೆ ಪುಟ ಕಳಿಸಿ. ಇಲ್ಲದಿದ್ದರೆ ನಕ್ಷೆಯನ್ನು ಬದಲಿಸಿ.

ಇಂತಿ,
ನಿಮ್ಮ ಪುಟಗಳ ಓದುಗ